ಹೆಸರು ಬದಲಿಸಿಕೊಂಡ ಬಡ್ಡಿ



ಬಡ್ಡಿ ನಿಷಿದ್ಧವೆಂಬುದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ರಮಝಾನಿನ ಕೊನೆಯ ದಿನಗಳಲ್ಲಿ ಬಟ್ಟೆಗೆಂದು ಪೇಟೆಗೆ ಹೋದ ನಾವು ಕಂತಿನ ಮೊಬೈಲ್ ಹಿಡಿದು ಮರಳುತ್ತೇವೆ. ‘ಶೂನ್ಯ ಬಡ್ಡಿ’ ಎಂಬ ಫಲಕವೊಂದೇ ಸಾಕು, ನಮ್ಮ ಮನಸ್ಸಾಕ್ಷಿ ಸಮಾಧಾನಗೊಂಡು ಬಿಡುತ್ತದೆ.

ಈ ಲೆಕ್ಕವನ್ನು ತುಸು ಬಿಡಿಸಿ ನೋಡೋಣ. 20,000 ರೂ.ಗಳ ಫೋನನ್ನು ನಗದು ಕೊಟ್ಟವನಿಗೆ ಅಂಗಡಿಯವನು 18,500ಕ್ಕೆ ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಕಂತಿನವನು ಪೂರ್ತಿ 20,000 ತೆರುತ್ತಾನೆ. ಆ 1,500 ರೂ. ಬಡ್ಡಿಯಲ್ಲದೆ ಮತ್ತೇನು? ಮೇಲೆ ಪ್ರೊಸೆಸಿಂಗ್ ಶುಲ್ಕ ಬೇರೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಬ್ಯಾಂಕು ಬಡ್ಡಿಯ ಅಂಶಕ್ಕೆ ಶೇ. 18 ಜಿಎಸ್‌ಟಿಯನ್ನೂ ಸೇರಿಸುತ್ತದೆ. ಬಡ್ಡಿಯೇ ಇಲ್ಲವಾದರೆ ಈ ತೆರಿಗೆ ಯಾತರ ಮೇಲೆ? ಶೂನ್ಯ ಬಡ್ಡಿ ಎಂಬುದು ಅಸ್ತಿತ್ವದಲ್ಲೇ ಇಲ್ಲ, ಅದು ಶುಲ್ಕದ ವೇಷದಲ್ಲಿ ಗ್ರಾಹಕನ ತಲೆಗೇ ಬರುತ್ತದೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು.

‘ಎರಡೇ ಉಳಿದಿವೆ, ಇಂದೇ ಕೊನೆ’ ಎಂದು ಆನ್‌ಲೈನ್ ಮಾರಾಟಗಾರರು ಸುಳ್ಳು ಅವಸರ ಹುಟ್ಟಿಸುವುದನ್ನು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಆದರೆ ಮದುವೆಮನೆಯಲ್ಲಿ ನೆಂಟರು ‘ಇಷ್ಟೇನಾ ಒಡವೆ?’ ಎಂದು ಕೇಳುವುದನ್ನು ಯಾವ ಪ್ರಾಧಿಕಾರ ನಿಷೇಧಿಸೀತು? ಜಾಹೀರಾತಿಗಿಂತ ಹೆಚ್ಚಾಗಿ ನಮ್ಮನ್ನು ಸಾಲಕ್ಕಿಳಿಸುವುದು ಆ ಪ್ರಶ್ನೆಯೇ. ಅದನ್ನು ಕೇಳುವವರೂ ನಾವೇ!

ಈ ಸಲ ಹಬ್ಬದ ಪೇಟೆಗೆ ಹೊರಡುವ ಮುನ್ನ ಮನೆಮಂದಿಯೆಲ್ಲ ಕುಳಿತು ಚೀಟಿ ಬರೆಯೋಣ. ಕಂತಿನ ಮೇಜಿನೆದುರು ಕೂರುವ ಮೊದಲು ನಗದಿನ ಬೆಲೆಯನ್ನು ಬರೆದುಕೊಡುವಂತೆ ಅಂಗಡಿಯವರನ್ನು ಕೇಳೋಣ.