ಬಸಿರಿಗೆ ಮುಂಚಿನ ಮೂರು ತಿಂಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ ಸಾಫ್ಟ್‌ವೇರ್ ಉದ್ಯೋಗಾವಕಾಶಗಳ ಬಗ್ಗೆ ಮಾತಾಡಿ ಎಂದಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಮೂವರು ಇಲ್ಲೇ ಕೂತಿದ್ದಾರೆ. ಹಾಗಾಗಿ ಬೇರೆ ವಿಷಯ ಕೇಳಿ ಪಡೆದೆ. ನಾನು ಡಾಕ್ಟರಲ್ಲ, ಬಿ.ಇ. ಓದಿದವನು. ಆದರೆ ನನ್ನ ಹೆಂಡತಿಗೆ ಹದಿನಾಲ್ಕನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ ಇದೆ, ಟೈಪ್ 1. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ನಮ್ಮ ಮಗಳಿಗೆ ಈಗ ನಾಲ್ಕು ವರ್ಷ. ಆ ದಿನಗಳಲ್ಲಿ ಕಲಿತದ್ದನ್ನು ಹೆಂಡತಿಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಮದುವೆ ಮಾತುಕತೆಯ ಕಾಲದಲ್ಲಿ ನಮ್ಮ ನೆಂಟರೊಬ್ಬರು, 'ಶುಗರ್ ಇರೋ ಹುಡುಗಿಗೆ ಮಕ್ಕಳಾಗೋದು ಅನುಮಾನ, ಆದರೂ ಅದಕ್ಕೂ ಅದೇ ಕಾಯಿಲೆ' ಎಂದಿದ್ದರು. ನೂರು ವರ್ಷದ ಹಿಂದೆ ಈ ಮಾತಿಗೆ ಅರ್ಥವಿತ್ತು. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿಯುವ ಮುನ್ನ ಈ ಕಾಯಿಲೆಯ ಹುಡುಗಿಯರು ತಾಯಿಯಾಗುವ ವಯಸ್ಸಿನವರೆಗೆ ಬದುಕುತ್ತಿದ್ದುದೇ ಅಪರೂಪ. ಆಮೇಲೆ ಬೋಸ್ಟನ್ನಿನ ಜೋಸ್ಲಿನ್ ಕ್ಲಿನಿಕ್ಕಿನಲ್ಲಿ ಪ್ರಿಸಿಲ್ಲಾ ವೈಟ್ ಎಂಬ ವೈದ್ಯೆ ದಶಕಗಳ ಕಾಲ ಇಂಥ ತಾಯಂದಿರ ಹೆರಿಗೆಗಳನ್ನೇ ನೋಡಿಕೊಂಡು, ಮಕ್ಕಳು ಉಳಿಯುವ ದಾರಿ ತೋರಿಸಿದರು. ಟೈಪ್ 1 ಇರುವ ತಾಯಿಯ ಮಕ್ಕಳಲ್ಲಿ ಅದೇ ಕಾಯಿಲೆ ಬರುವುದು ನೂರಕ್ಕೆ ಸುಮಾರು ನಾಲ್ಕರೊಳಗೆ. ನೆಂಟರ ಲೆಕ್ಕ ಹಳೆಯದು.

ಆದರೆ ಒಂದು ಷರತ್ತು ಇದೆ. ತಯಾರಿ ಬಸಿರಾದ ಮೇಲೆ ಶುರುವಾದರೆ ತಡವಾಗುತ್ತದೆ.

ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗುವ ನಾಳ ಗರ್ಭ ನಿಂತ ಇಪ್ಪತ್ತೆಂಟು ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಹೃದಯದ ರಚನೆಯೂ ಮೊದಲ ಎರಡು ತಿಂಗಳಲ್ಲೇ ಬಹುಪಾಲು ಮುಗಿಯುತ್ತದೆ. ಮುಟ್ಟು ತಪ್ಪಿತು, ಇನ್ನೊಂದು ವಾರ ನೋಡೋಣ, ಎಂದುಕೊಂಡು ಆಸ್ಪತ್ರೆಗೆ ಹೋಗಿ ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಆ ಕೆಲಸ ಆಗಿಹೋಗಿರುತ್ತದೆ. ಆ ವಾರಗಳಲ್ಲಿ ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಗರ್ಭಪಾತ, ಹೃದಯದ ದೋಷ, ಬೆನ್ನುಹುರಿಯ ದೋಷದ ಸಾಧ್ಯತೆ ಏರುತ್ತದೆ. ಅದಕ್ಕೇ 'ಮುಂಚಿನ ಮೂರು ತಿಂಗಳು' ಎಂಬ ಹೆಸರು ಕೊಟ್ಟೆ. ಮೂರೇ ಯಾಕೆಂದರೆ, ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಅದು 6.5ರ ಕೆಳಗೆ ಬಂದ ಮೇಲೆ ಬಸಿರಾಗುವುದು ಒಳ್ಳೆಯದು; 10 ದಾಟಿದ್ದರೆ ಸದ್ಯಕ್ಕೆ ಬೇಡ ಎನ್ನುತ್ತಾರೆ. ನನ್ನ ಹೆಂಡತಿಯದು 8.4 ಇತ್ತು. ಇಳಿಸಲು ಮೂರಲ್ಲ, ಏಳು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಗರ್ಭನಿರೋಧಕ ಬೇಕೇಬೇಕು, ಹಿರಿಯರೆದುರು ಹೇಳಲು ಸಂಕೋಚವಾದರೂ. ಒಂದು ಎಚ್ಚರಿಕೆ: ರಕ್ತಹೀನತೆ ಇದ್ದರೆ ಈ ಅಂಕಿ ದಾರಿ ತಪ್ಪಿಸಬಹುದು, ನಮ್ಮ ಹೆಣ್ಣುಮಕ್ಕಳಲ್ಲಿ ಅದು ಬಹಳ. ಬೆರಳು ಚುಚ್ಚಿ ನೋಡುವ ಮೀಟರಿನ ಲೆಕ್ಕವೂ ಜೊತೆಗಿರಲಿ.

ಈ ಕಾಲದಲ್ಲೇ ಕಣ್ಣಿನ ಅಕ್ಷಿಪಟಲ ಮತ್ತು ಮೂತ್ರಪಿಂಡ ನೋಡಿಸಬೇಕು. ಬಸಿರಿನಲ್ಲಿ ಕಣ್ಣಿನ ತೊಂದರೆ ಹೆಚ್ಚಬಹುದು. ಬಿ.ಪಿ.ಯ ಕೆಲವು ಮಾತ್ರೆಗಳು, ಕೊಲೆಸ್ಟ್ರಾಲ್ ಮಾತ್ರೆ ಗರ್ಭಕ್ಕೆ ಆಗದು, ಡಾಕ್ಟರು ಬದಲಿಸಿ ಕೊಡುತ್ತಾರೆ. ಸಕ್ಕರೆ ಇರುವವರಿಗೆ ಫೋಲಿಕ್ ಆಮ್ಲವನ್ನು ಸಾಮಾನ್ಯವಾಗಿ ದಿನಕ್ಕೆ 5 ಮಿಲಿಗ್ರಾಂ, ಬಸಿರಿಗೆ ಮುಂಚೆಯೇ ಶುರು ಮಾಡಿಸುತ್ತಾರೆ.

ಇದನ್ನೆಲ್ಲ ಮಾಡಲು ಗಂಡನಿಗೆ, ಅತ್ತೆಗೆ ಕಾಯಿಲೆ ಗೊತ್ತಿರಬೇಕಲ್ಲವೆ? ನನಗೆ ಹೇಳಬೇಕೆನಿಸಿದ ಮಾತು ಇದೇ. ಸಕ್ಕರೆಯ ವಿಷಯ ಮುಚ್ಚಿಟ್ಟು ಮದುವೆ ಮಾಡುವ ಮನೆಗಳಿವೆ. ಹುಡುಗಿ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಳ್ಳುತ್ತಾಳೆ, ನೆಂಟರು ಬಂದ ದಿನ ಬಿಟ್ಟೇಬಿಡುತ್ತಾಳೆ. ಮದುವೆಯಾದ ಎರಡನೇ ತಿಂಗಳಿಗೇ 'ಏನಾದ್ರೂ ವಿಶೇಷ ಇದೆಯಾ' ಎಂದು ಕೇಳುವ ನಾವು ಆಕೆಗೆ ಆ ಮೂರು ತಿಂಗಳನ್ನು ಕೊಡುವುದೇ ಇಲ್ಲ. ತಪ್ಪು ಹೆತ್ತವರದ್ದು ಮಾತ್ರ ಎಂದು ನಾನು ಒಪ್ಪುವುದಿಲ್ಲ. ಹೇಳಿದರೆ ಸಂಬಂಧ ಮುರಿಯುತ್ತದೆಂಬ ಭಯ ಹುಟ್ಟಿಸಿದವರು ಗಂಡಿನ ಕಡೆಯವರು, ಅಂದರೆ ನಾವು.

ಇನ್ನು ಬಸಿರಿನ ದಿನಗಳು. ಮೊದಲ ಮೂರು ತಿಂಗಳಲ್ಲಿ ವಾಂತಿ, ಊಟ ಸೇರದು, ಸಕ್ಕರೆ ತಟ್ಟನೆ ಕುಸಿಯುತ್ತದೆ. ಬೆವರು, ನಡುಕ, ಮಾತು ತೊದಲುವುದು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಐದನೇ ತಿಂಗಳ ನಂತರ ಉಲ್ಟಾ. ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೈ ಕಟ್ಟುತ್ತವೆ, ಬೇಕಾಗುವ ಪ್ರಮಾಣ ಎರಡು ಮೂರು ಪಟ್ಟಾಗಬಹುದು. ಡೋಸು ಏರಿತೆಂದರೆ ಕಾಯಿಲೆ ಕೆಟ್ಟಿತು ಎಂದಲ್ಲ. ತಾಯಿಯ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಇನ್ಸುಲಿನ್ ಹೋಗುವುದಿಲ್ಲ. ಮಗು ತಾನೇ ಇನ್ಸುಲಿನ್ ತಯಾರಿಸಿ ದಪ್ಪವಾಗುತ್ತದೆ, ಹುಟ್ಟಿದೊಡನೆ ಅದರ ಸಕ್ಕರೆ ಇಳಿಯುತ್ತದೆ. 'ನಾಲ್ಕೂವರೆ ಕೆಜಿ ಮಗು' ಎಂದು ಹೆಮ್ಮೆಪಡುವ ಮುನ್ನ ಇದು ನೆನಪಿರಲಿ. ಗುರಿ: ಖಾಲಿ ಹೊಟ್ಟೆಯಲ್ಲಿ 95ರೊಳಗೆ, ಊಟವಾಗಿ ಎರಡು ಗಂಟೆಗೆ 120ರೊಳಗೆ.

ಒಂಬತ್ತು ತಿಂಗಳು ಈ ಅಂಕಿಗಳನ್ನು ಬರೆದಿಟ್ಟದ್ದು ನಾನು. ಅದೊಂದೇ ನನ್ನ ಓದು ಉಪಯೋಗಕ್ಕೆ ಬಂದ ಜಾಗ. ಬರೆದಾಗ ತಿಳಿದದ್ದು: ಎರಡು ಮುದ್ದೆ ತಿಂದ ದಿನವೂ ಅನ್ನದಷ್ಟೇ ಏರುತ್ತದೆ. ರಾಗಿ ಒಳ್ಳೆಯದೇ, ಆದರೆ ಅಳತೆ ಬೇಕು. ಒಂದು ಸಣ್ಣ ಮುದ್ದೆ, ಜೊತೆಗೆ ಬಸ್ಸಾರು, ಕಾಳು, ಸೊಪ್ಪು ಜಾಸ್ತಿ ಇದ್ದರೆ ಅಂಕಿ ತಣ್ಣಗಿರುತ್ತಿತ್ತು. ಬೆಲ್ಲವೂ ಸಕ್ಕರೆಯೇ. ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ ಮೊಟ್ಟೆ, ಹಾಲು ತಪ್ಪದೆ ತೆಗೆದುಕೊಳ್ಳಿ, ಚಿಕ್ಕಿಯ ಬಗ್ಗೆ ಮಾತ್ರ ಡಾಕ್ಟರನ್ನು ಕೇಳಿ.

ಮೊದಲು ಸಕ್ಕರೆಯೇ ಇಲ್ಲದ ಹೆಂಗಸರಿಗೂ ಬಸಿರಿನಲ್ಲಿ ಅದು ಕಾಣಿಸಿಕೊಳ್ಳಬಹುದು, ಯಾವ ಲಕ್ಷಣವೂ ಇಲ್ಲದೆ. ಚೆನ್ನೈನ ಡಾ. ವಿ. ಶೇಷಯ್ಯನವರು ಹಳ್ಳಿಗೂ ಒಗ್ಗುವ ಸರಳ ಪರೀಕ್ಷೆಗಾಗಿ ಬಹಳ ಶ್ರಮಿಸಿದರು: 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ ರಕ್ತ ನೋಡುವುದು. ಉಪವಾಸ ಹೋಗಬೇಕಿಲ್ಲ. 140 ಅಥವಾ ಮೇಲಿದ್ದರೆ ಚಿಕಿತ್ಸೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ನಡೆದ ಅಧ್ಯಯನದಲ್ಲಿ ನೂರಕ್ಕೆ ಆರು ಗರ್ಭಿಣಿಯರಲ್ಲಿ ಇದು ಕಂಡಿತ್ತು. ಅವರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಮೈಕೊಬ್ಬು ಹೆಚ್ಚಿತ್ತು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ, ಅಂದು ಕೇಳಿ.

ಹೆರಿಗೆಯಾದ ಮೇಲೆ 'ಈಗ ನಾರ್ಮಲ್' ಎಂದು ಎಲ್ಲರೂ ಮರೆಯುತ್ತಾರೆ. ಬಸಿರಿನಲ್ಲಿ ಸಕ್ಕರೆ ಬಂದವರು ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು, ಆಮೇಲೂ ಆಗಾಗ. ಬಾಣಂತಿಗೆ ತುಪ್ಪ, ಬೆಲ್ಲ ತಿನ್ನಿಸುವ ಅಜ್ಜಿಯರಿಗೆ ಈ ತಾರೀಖನ್ನೂ ಒಪ್ಪಿಸಿ, ಅವರು ಮರೆಯುವುದಿಲ್ಲ.

ನನ್ನ ಹೆಂಡತಿ ಊಟದ ಹೊತ್ತಿಗೆ ಎಂಟನೇ ತರಗತಿ ಕೋಣೆಯಲ್ಲಿರುತ್ತಾಳೆ, ಮೀಟರ್ ತಂದಿದ್ದಾಳೆ. ಗಂಡಸರೂ ಬರಬಹುದು.