ಧ್ವಜ ದಿನದ ರೊಕ್ಕ



ಚೆನ್ನಮ್ಮ, ರಾಯಣ್ಣ ಹುಟ್ಟಿ ಬೆಳೆದ ಸೀಮೆ ನಮ್ಮದು. ಸೈನ್ಯಕ್ಕೆ ಮಕ್ಕಳನ್ನು ಕಳಿಸುವುದು ನಮಗೆ ಹೊಸದಲ್ಲ. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜ ದಿನ ನಡೆದು ಬಂದಿದೆ. ಅಂದು ಪುಟ್ಟ ಧ್ವಜ ಎದೆಗೆ ಹಚ್ಚಿಕೊಂಡು ರೊಕ್ಕ ಕೊಡತೀವಿ. ಆ ರೊಕ್ಕ ಎಲ್ಲಿಗೆ ಹೋಗತದ?

ಸಿಪಾಯಿಗೆ ಪೆನ್ಶನ್ ಬರಬೇಕಾದರೆ ಸಾಮಾನ್ಯವಾಗಿ 15 ವರ್ಷ ನೌಕರಿ ಆಗಿರಬೇಕು. ಅದಕ್ಕೂ ಮೊದಲು ಊರಿಗೆ ಬಂದವರ ಮುಪ್ಪಿನ ಗತಿ ಏನು? ಪೆನ್ಶನ್ ಇಲ್ಲದ, 65 ವರ್ಷ ದಾಟಿದ, ಹವಾಲ್ದಾರ್ ಹುದ್ದೆಯವರೆಗಿನ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ ಈ ನಿಧಿಯಿಂದಲೇ ತಿಂಗಳ ಸಹಾಯಧನ ಉಂಟು. 4,000 ರೂಪಾಯಿ ಇದ್ದದ್ದು, 2025ರ ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ 8,000 ಆಗಿದೆ. ಮಗಳ ಮದುವೆಯ ನೆರವು 50,000ದಿಂದ ಒಂದು ಲಕ್ಷಕ್ಕೆ ಏರಿದೆ.

ಆದರೆ ಅರ್ಜಿ ಹಾಕದೆ ಇದು ತಾನಾಗಿ ಬರೂದಿಲ್ಲ. ಡಿಸ್ಚಾರ್ಜ್ ಪುಸ್ತಕ ಬೇಕು, ಗುರುತಿನ ಚೀಟಿ ಬೇಕು, ಬೆಳಗಾವಿಯ ಸೈನಿಕ ಕಲ್ಯಾಣ ಕಚೇರಿಯ ಶಿಫಾರಸು ಬೇಕು. ಓದು ಬಾರದ ಮುದುಕಿ ಒಬ್ಬಾಕೀನ ಏನ ಮಾಡ್ಯಾಳು?

ನಮ್ಮ ಸಂಘ ಸಾಲದ ಅರ್ಜಿ ತುಂಬಿಕೊಡುವಂತೆ ಈ ಅರ್ಜಿಯನ್ನೂ ತುಂಬಿಕೊಡಲಿ. ಬೆಳ್ಳಿಹಬ್ಬದ ಈ ವರ್ಷ ಓಣಿ ಓಣಿಯಲ್ಲಿ ಅಂಥ ಮನೆಗಳನ್ನು ಹುಡುಕೋಣ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.