ದಮ್ಮು ಬಾರದ ದಿನದ ಔಷಧ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ದಮ್ಮಿನ ಬಗ್ಗೆ, ಅಂದರೆ ಆಸ್ತಮಾ ಬಗ್ಗೆ ಮಾತಾಡುತ್ತೇನೆ. ನಾನು ಡಾಕ್ಟರ್ ಅಲ್ಲ, ಬಿ.ಇ. ಓದಿದವನು. ಆದರೆ ನನ್ನ ತಂಗಿಗೆ ದಮ್ಮು ಇದೆ. ಅವಳೂ ಇದೇ ಶಾಲೆಯವಳು. ಮುಂಜಾನೆ ವರ್ಗದ ಕಸ ಗುಡಿಸುವಾಗ ಹೊರಗೆ ಗಿಡದ ಕೆಳಗೆ ಒಬ್ಬಳೇ ನಿಂತಿರುತ್ತಿದ್ದ ಹುಡುಗಿ ಕೆಲವರಿಗೆ ನೆನಪಿರಬಹುದು.

ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ಅವಳು ದಿಂಬು ಅಪ್ಪಿಕೊಂಡು ಕೂತಿರುತ್ತಿದ್ದಳು, ಅವ್ವ ಬೆನ್ನು ತಿಕ್ಕುತ್ತಿದ್ದಳು. ಮೃಗಶಿರ ಮಳೆಗೆ ಹೈದರಾಬಾದಿಗೆ ಹೋಗಿ ಮೀನಿನ ಔಷಧವನ್ನೂ ನುಂಗಿಸಿ ಬಂದೆವು. ಡಾಕ್ಟರು ಪಂಪ್ ಬರೆದುಕೊಟ್ಟಾಗ ಬಂಧುಗಳು, “ಅದನ್ನ ಹಚ್ಚಬ್ಯಾಡ್ರಿ, ಚಟ ಆಗತೈತಿ, ನಾಳೆ ಮದುವಿ ಹೆಂಗ?” ಅಂದರು. ನಾವು ಕೇಳಿದೆವು. ಪಂಪ್ ಕಪಾಟಿನಲ್ಲಿ ಬಟ್ಟೆಯ ಹಿಂದೆ ಸೇರಿತು. ದಮ್ಮು ಏರಿದಾಗ ಮಾತ್ರ ಹೊರಗೆ ಬರುತ್ತಿತ್ತು. ಅವಳು ಹತ್ತನೇ ಇಯತ್ತೆಯಲ್ಲಿದ್ದಾಗ ಒಂದು ರಾತ್ರಿ ತೆಗೆದು ನೋಡಿದರೆ ಅದು ಖಾಲಿ. ಬಾಗಲಕೋಟೆ ಮುಟ್ಟುವ ತನಕ ಅಪ್ಪ ಜೀಪಿನಲ್ಲಿ ಒಂದು ಮಾತೂ ಆಡಲಿಲ್ಲ.

ಅಲ್ಲಿ ಡಾಕ್ಟರು ಮೊದಲು ಕೇಳಿದ್ದು, “ವಾರದಾಗ ಎಷ್ಟು ರಾತ್ರಿ ಎಚ್ಚರ ಆಗತಾಳ? ಎಷ್ಟು ಸಲ ಪಂಪ್ ಹೊಡೀತೀರಿ?” ಅಂತ. ದಮ್ಮು ಎಷ್ಟು ಜೋರಾಗಿ ಬಂತು ಎಂಬುದೊಂದೇ ತೀವ್ರತೆಯ ಅಳತೆಯಲ್ಲ, ದಮ್ಮು ಇಲ್ಲ ಅಂದುಕೊಂಡ ದಿನಗಳಲ್ಲೂ ರೋಗ ಒಳಗೆ ಇರುತ್ತದೆ ಎಂದು ನಮಗೆ ಗೊತ್ತಾದದ್ದು ಅಂದು. ಶ್ವಾಸನಾಳದ ಒಳಗೋಡೆ ಬಾತುಕೊಂಡೇ ಇರುತ್ತದೆ. ಸಾಲ್ಬುಟಮಾಲ್ ಪಂಪ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಬಾವು ಇಳಿಸುವುದಿಲ್ಲ. ಬಾವು ಇಳಿಸುವುದು ಉಸಿರಿನ ಜೊತೆ ಎಳೆದುಕೊಳ್ಳುವ ಸ್ಟೀರಾಯ್ಡ್. ಹೆಸರು ಕೇಳಿ ಹೆದರಬೇಡಿ, ಅದರ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತದೆ. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡಿರಬಾರದು ಎಂದು ಜಾಗತಿಕ ಆಸ್ತಮಾ ಮಾರ್ಗಸೂಚಿ 2019ರಲ್ಲೇ ಹೇಳಿದೆ. ನಾವು ವರ್ಷಗಟ್ಟಲೆ ಮಾಡಿದ್ದು ಅದನ್ನೇ.

ಬೆಂಗಳೂರಿನ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು 1979ರಿಂದ 1999ರವರೆಗೆ ಐದೈದು ವರ್ಷಕ್ಕೊಮ್ಮೆ ಲೆಕ್ಕ ಹಾಕಿದರು. ಆಸ್ತಮಾ ಶೇ. 9ರಿಂದ 29.5ಕ್ಕೆ ಏರಿತ್ತು. ಇದು ಆಸ್ಪತ್ರೆಯ ಲೆಕ್ಕ, ಇಡೀ ಊರಿಗೆ ಹಚ್ಚುವಂತಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಕಿ. 1994ರಿಂದ 1999ರೊಳಗೆ ಬಿಡದೆ ಕಾಡುವ ಆಸ್ತಮಾ ಶೇ. 20ರಿಂದ 27.5ಕ್ಕೆ, ಅದರಲ್ಲೂ ತೀವ್ರವಾದದ್ದು 4ರಿಂದ 6.5ಕ್ಕೆ ಹೋಗಿತ್ತು. ಆಮೇಲೆ ಅವರು 12 ಶಾಲೆಗಳ 6,550 ಮಕ್ಕಳನ್ನು ನೋಡಿದರು. ವಾಹನ ಕಡಿಮೆ ಇರುವ ಕಡೆ ಶೇ. 11.15, ವಾಹನ ದಟ್ಟಣೆಯ ಕಡೆ 19.34. ಅಂಥದೇ ದಟ್ಟಣೆಯ ಕಡೆ ಬಡವರ ಮಕ್ಕಳಲ್ಲಿ 31.14! ಹಳ್ಳಿಗಳಲ್ಲಿ 5.7. ನಮ್ಮದು ಹಳ್ಳಿ, ಬಚಾವಾದೆವು ಅನ್ನಬೇಡಿ. ನಮ್ಮಲ್ಲಿ ರವದಿಯ ಹೊಗೆ ಇದೆ, ಕಟ್ಟಿಗೆ ಒಲೆ ಇದೆ. ಅತ್ತ ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಹತ್ತಿಯ ಧೂಳು ಇದೆ.

ಇನ್ನೊಂದು ಮಾತು. “ನಾಟಕ ಮಾಡತಾಳ, ಮನಸ್ಸಿನ ರೋಗ” ಎಂದು ನನ್ನ ತಂಗಿಗೆ ಅಂದವರಿದ್ದರು. 2024ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶಿನ್ ಸುನ್ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟಿಸಿತು. ಇಲಿಗಳಿಗೆ ಮನೆಧೂಳಿನ ನುಸಿಯ ಅಂಶವನ್ನು ಮೇಲಿಂದ ಮೇಲೆ ಉಸಿರಾಡಿಸಿದಾಗ, ಪುಪ್ಪುಸದ ಸುದ್ದಿ ವೇಗಸ್ ಎಂಬ ನರದ ಮೂಲಕ ಮಿದುಳಿನ ಕಾಂಡಕ್ಕೆ ಹೋಗುತ್ತದೆ. ಅಲ್ಲಿನ ಒಂದು ಬಗೆಯ ನರಕೋಶಗಳು ಚುರುಕಾಗಿ, ಶ್ವಾಸನಾಳ ಅತಿಯಾಗಿ ಬಿಗಿಯುತ್ತದೆ. ಆ ಕೋಶಗಳನ್ನು ಇಲ್ಲವಾಗಿಸಿದರೆ ಆ ಬಿಗಿತ ಕಡಿಮೆಯಾಯಿತು. ಇದು ಇಲಿಯಲ್ಲಿ ಕಂಡದ್ದು, ಇದರಿಂದ ಔಷಧವೇನೂ ಇನ್ನೂ ಬಂದಿಲ್ಲ. ಆದರೆ ಮಿದುಳಿನ ಕಾಂಡ ಎಂದರೆ ನಾವು ಮಲಗಿದ್ದಾಗಲೂ ಉಸಿರು, ಎದೆಬಡಿತ ನಡೆಸುವ ಜಾಗ. ಅಲ್ಲಿ ಯಾರೂ ಬೇಕೆಂದು ನಾಟಕ ಮಾಡಲಾರರು. ಧೂಳು, ಹೊಗೆ ಪದೇಪದೇ ತಾಗಿದಷ್ಟೂ ರೋಗ ಏಕೆ ಬಲಿಯುತ್ತದೆ ಎಂಬುದಕ್ಕೂ ಇಲ್ಲೊಂದು ಸುಳಿವು ಸಿಗಬಹುದು ಎಂದು ನನಗೆ ಅನಿಸುತ್ತದೆ.

ಮುಖ್ಯಗುರುಗಳಲ್ಲಿ ಎರಡು ವಿನಂತಿ. ವರ್ಗ ಗುಡಿಸುವ ಮೊದಲು ನೀರು ಚಿಮುಕಿಸಲಿ, ಇಲ್ಲವೇ ಮಕ್ಕಳು ಬರುವ ಮೊದಲೇ ಗುಡಿಸಿ ಮುಗಿಸಲಿ. ದಮ್ಮು ಇರುವ ಮಕ್ಕಳ ಪಂಪ್ ಚೀಲದಲ್ಲೇ ಇರಲಿ, ಅದು ಎಲ್ಲಿದೆ ಎಂದು ವರ್ಗಶಿಕ್ಷಕರಿಗೆ ಗೊತ್ತಿರಲಿ. ರೈತ ಬಂಧುಗಳು ರವದಿ ಸುಡದೆ ಸಾಲಿನಲ್ಲಿ ಹಾಸಿದರೆ ಹೊಲದ ತೇವವೂ ಉಳಿಯುತ್ತದೆ.

ನನ್ನ ತಂಗಿಯ ಮದುವೆ ಆಗಿದೆ, ಪಂಪ್ ವಿಷಯ ಮೊದಲೇ ಹೇಳಿ ಮಾಡಿದ್ದು. ಅವಳು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಪಂಪನ್ನು ಅಲುಗಾಡಿಸುವುದು, ನಿಧಾನ ಎಳೆಯುವುದು, ಹತ್ತು ಎಣಿಸುವ ತನಕ ಉಸಿರು ಹಿಡಿಯುವುದು, ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸುವುದು, ಚಿಕ್ಕ ಮಕ್ಕಳಿಗೆ ಸ್ಪೇಸರ್ ಹಚ್ಚುವುದು, ಎಲ್ಲವನ್ನೂ ತೋರಿಸುತ್ತಾಳೆ. ಊಟಕ್ಕೆ ಹೋಗುವ ಮೊದಲು ಬೇಕಾದ ತಾಯಂದಿರು ಅವಳ ಹತ್ತಿರ ಬನ್ನಿ.